ಇಲ್ಲದ ಮೂರ್ಛೆ

ನನ್ನ ತಮ್ಮನಿಗೆ ಮೂರ್ಛೆ ರೋಗ ಇರಲಿಲ್ಲ. ಇತ್ತು ಎಂದು ರಾಯಚೂರಿನ ಡಾಕ್ಟರ ಮುಂದೆ ಹೇಳಿದವಳು ನಾನು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಎಂಟು ತಿಂಗಳು ಸಮಯವಿತ್ತು. ಮಾನ್ವಿಯಿಂದ ರಾಯಚೂರಿಗೆ ಬಸ್ಸುಗಳಿಗೇನು ಬರವಿಲ್ಲ. ಕೈಯಲ್ಲಿ ಫೋನೂ ಇತ್ತು. ಆದರೂ ತೆಗೆದುಕೊಳ್ಳಲಿಲ್ಲ. ಹೋದ ಸುಗ್ಗಿಯಲ್ಲಿ ಅವನು ತೀರಿಕೊಂಡ.

ನಾನು ಓದಿದ್ದು ಏಳನೆಯ ತರಗತಿ ತನಕ. ಮಾನ್ವಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತೇನೆ. ಇಷ್ಟುದ್ದ ಬರೆದು ನನಗೆ ರೂಢಿಯಿಲ್ಲ. ಆದರೂ ಕುಳಿತಿದ್ದೇನೆ. ಯಾಕೆಂದರೆ ಅವನು ಹೋದ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಆಡಿ ಹೋದರು: ನಶೆಯ ಪುಡಿ ತಿಂದು ಸತ್ತ. ಅವನು ಬದುಕಿದ್ದು ಮೂವತ್ತಾರು ವರ್ಷ. ಪುಡಿ ಅವನ ಜೊತೆ ಇದ್ದದ್ದು ಕಡೆಯ ನಾಲ್ಕು ವರ್ಷ. ಉಳಿದ ಮೂವತ್ತೆರಡು ವರ್ಷದ ಮಾತು ಯಾರೂ ತೆಗೆಯುವುದಿಲ್ಲ.

ಅವನು ಭತ್ತ ಕೊಯ್ಯುವ ದೊಡ್ಡ ಮಷಿನ್ ಓಡಿಸುತ್ತಿದ್ದ. ಮಷಿನ್ ಅವನದಲ್ಲ, ಧಣಿಯದು. ಆದರೆ ಹಿರೇಕೊಟ್ನೆಕಲ್ ಸುತ್ತಿನ ರೈತರು ಧಣಿಗೆ ಫೋನ್ ಮಾಡಿ, ಮಷಿನ್ ಯಾವುದಾದರೂ ಕಳಿಸಿ, ಡ್ರೈವರ್ ಮಾತ್ರ ಅವನೇ ಬೇಕು ಎನ್ನುತ್ತಿದ್ದರು. ಗದ್ದೆಗೆ ಹೋದ ಕೂಡಲೇ ಅವನು ಮಷಿನ್ ಇಳಿಸುತ್ತಿರಲಿಲ್ಲ. ಬದುವಿನ ಮೇಲೆ ನಿಲ್ಲಿಸಿ, ಚಪ್ಪಲಿ ಬಿಟ್ಟು, ಮುದುಕರ ಹಾಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗದ್ದೆಯ ತುಂಬ ಒಮ್ಮೆ ನಡೆದು ಬರುತ್ತಿದ್ದ. ಎಲ್ಲಿ ನೆಲ ಮೆತ್ತಗಿದೆ, ಎಲ್ಲಿ ಗಾಲಿ ಹುಗಿಯುತ್ತದೆ ಎಂಬುದನ್ನು ಅಂಗಾಲಿನಿಂದ ತಿಳಿದುಕೊಳ್ಳುತ್ತಿದ್ದ. ಆಮೇಲೆ ಹೊಲದವನಿಗೆ ಒಂದೇ ಪ್ರಶ್ನೆ.

"ಮನ್ಯಾಗ ಎಮ್ಮಿ ಅದಾವೇನ್ರಿ?"

ಇದ್ದಾವೆ ಎಂದರೆ ಬ್ಲೇಡನ್ನು ನೆಲಕ್ಕೆ ಹತ್ತಿರ ಇಳಿಸುತ್ತಿದ್ದ. ಹುಲ್ಲು ಉದ್ದ ಸಿಗಲಿ ಎಂದು. ಹಾಗೆ ಕೊಯ್ದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಕಲ್ಲು ತಾಗಿ ಬ್ಲೇಡು ಹಾಳಾಗುತ್ತದೆ, ಧಣಿ ಬೈಯುತ್ತಾನೆ. ಇವನು ಕೇಳುತ್ತಿರಲಿಲ್ಲ. ಒಮ್ಮೆ ಒಬ್ಬ ರೈತ ನಕ್ಕು, "ನೀ ಡ್ರೈವರೋ, ದನದ ದಲ್ಲಾಳಿಯೋ?" ಎಂದನಂತೆ. ಅದಕ್ಕಿವನು, "ಭತ್ತದ ಕಡಿಂದ ಮಾತಾಡಾಕ ನೀವದೀರಿ. ಎಮ್ಮಿಗಿ ಬಾಯಿಲ್ಲ. ಅದರ ಕಡಿಂದ ನಾ ಒಬ್ಬ ವಕೀಲ ಇರಲಿ ಬಿಡ್ರಿ" ಎಂದನಂತೆ. ಇದನ್ನು ನನಗೆ ಹೇಳಿದ್ದು ಆ ರೈತನೇ, ಮಣ್ಣು ಕೊಡುವ ದಿನ.

ಮಷಿನ್ ತಿರುಗಲಾರದ ಮೂಲೆಗಳನ್ನು ಹೆಂಗಸರು ಕುಡುಗೋಲಿನಿಂದ ಕೊಯ್ಯಬೇಕು. ಬೇರೆ ಡ್ರೈವರುಗಳು ಅವರು ಮುಗಿಸುವ ತನಕ ಹಾರ್ನ್ ಹೊಡೆಯುತ್ತಿದ್ದರು. ಇವನು ಮಷಿನ್ ನಿಲ್ಲಿಸಿ ಅವರ ಜೊತೆ ಮಾತಿಗೆ ಇಳಿಯುತ್ತಿದ್ದ.

"ಏ ಡ್ರೈವರ್, ಮೂಲಿ ಸ್ವಲ್ಪ ಜಾಸ್ತಿ ಬಿಡಪಾ. ಎಲ್ಲಾ ನೀನ ತಿನ್ನಬ್ಯಾಡ."

"ನಾ ಎಲ್ಲಿ ತಿಂತೀನವ್ವಾ? ತಿನ್ನೂದು ಇದು. ಇದರ ಹೊಟ್ಟಿ ನಿಮ್ಮ ಅತ್ತಿ ಹೊಟ್ಟಿಗಿಂತ ದೊಡ್ಡದು."

ರೊಟ್ಟಿಯನ್ನು ಅವನು ನಡುವಿನಿಂದ ಮುರಿದು ತಿನ್ನುತ್ತಿದ್ದ, ಅಂಚು ಕಡೆಗೆ. ಕಿವಿ ಮಾತ್ರ ಬಹಳ ಚುರುಕು. ಅಡುಗೆಮನೆಯಲ್ಲಿ ನಾನು ಮಿಕ್ಸರ್ ಹಾಕಿದರೆ ಹೊರಗಿನಿಂದಲೇ, "ಯಕ್ಕಾ, ಅದರ ಬುಷ್ ಸವದದ, ಈ ವಾರ ಕೈ ಕೊಡ್ತದ ನೋಡು" ಎನ್ನುತ್ತಿದ್ದ. ಅದೇ ವಾರ ಕೆಡುತ್ತಿತ್ತು. ಇಂಥವನು ತನ್ನೊಳಗೆ ಸವೆಯುತ್ತಿದ್ದುದನ್ನು ಕೇಳಿಸಿಕೊಳ್ಳದೆ ಹೋದದ್ದು ಹೇಗೆ? ನನಗೆ ಇವತ್ತಿಗೂ ತಿಳಿದಿಲ್ಲ.

ಕಾಲುವೆ ನೀರಿನ ಭತ್ತ ಎಲ್ಲ ಕಡೆಯೂ ಒಟ್ಟಿಗೇ ಕೊಯ್ಲಿಗೆ ಬರುತ್ತದೆ. ಆ ಇಪ್ಪತ್ತು ಇಪ್ಪತ್ತೈದು ದಿನ ಡ್ರೈವರಿಗೆ ನಿದ್ದೆಯೆಂಬುದಿಲ್ಲ. ಪರರಾಜ್ಯದಿಂದ ಮಷಿನ್ ತಂದ ಡ್ರೈವರೊಬ್ಬ ಇವನಿಗೆ ನಿದ್ದೆ ಓಡಿಸುವ ಗುಳಿಗೆ ಕೊಟ್ಟ. "ಏನೋ ಅದು?" ಎಂದು ನಾನು ಕೇಳಿದ್ದೆ. "ಏನಿಲ್ಲ ಬಿಡು ಯಕ್ಕಾ, ಹತ್ತು ಕಪ್ ಚಹಾ ಒಂದ ಗುಳಿಗ್ಯಾಗ" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ. ಮರುವರ್ಷ ಗುಳಿಗೆ ಹೋಗಿ ಪುಡಿ ಬಂತು. ಸುಗ್ಗಿ ಮುಗಿದರೂ ಪುಡಿ ಮುಗಿಯಲಿಲ್ಲ.

ಅವನ ಹೆಂಡತಿ ಎರಡು ವರ್ಷ ತಡೆದುಕೊಂಡು, ಮಗಳನ್ನು ಕರೆದುಕೊಂಡು ತವರೂರು ಗಿಲ್ಲೆಸುಗೂರಿಗೆ ಹೋದಳು. ಅವಳದೇನೂ ತಪ್ಪಿಲ್ಲ. ಇವನು ಮಾನ್ವಿಗೆ, ನನ್ನ ಮನೆಗೆ ಬಂದ. ನನ್ನ ಗಂಡ ರೈಸ್ ಮಿಲ್ಲಿನ ಹಮಾಲ, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ನಾನು ಶಾಲೆಗೆ ಹೋದರೆ ಮನೆಯಲ್ಲಿ ಇವನೊಬ್ಬನೇ.

ಪುಡಿ ಒಳಗಿದ್ದಾಗ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಸ್ಕ್ರೂ ಇದ್ದ ವಸ್ತು ಯಾವುದೂ ನಮ್ಮ ಮನೆಯಲ್ಲಿ ಒಂದು ದಿನ ಪೂರ್ತಿ ಇಡಿಯಾಗಿ ಉಳಿಯಲಿಲ್ಲ. ಫ್ಯಾನು, ಗ್ಯಾಸಿನ ಒಲೆ, ಗೋಡೆಯ ಗಡಿಯಾರ, ನನ್ನ ಗಂಡನ ಸೈಕಲ್. ಬಿಚ್ಚಿ, ಪೇಪರ್ ಹಾಸಿ, ಸಣ್ಣದರಿಂದ ದೊಡ್ಡದರ ತನಕ ಸಾಲಾಗಿ ಜೋಡಿಸಿ, ಒರೆಸಿ, ಮತ್ತೆ ಕೂಡಿಸಿ, ಮತ್ತೆ ಬಿಚ್ಚುತ್ತಿದ್ದ. ಬಾಯಲ್ಲಿ ಏನೂ ಇಲ್ಲದೆ ಅಗಿಯುತ್ತಿದ್ದ. ಕೈಯ ಚರ್ಮ ಕೆರೆದು ಕೆರೆದು ಹುಣ್ಣು ಮಾಡಿಕೊಂಡಿದ್ದ. ರಸ್ತೆಯಲ್ಲಿ ಯಾರಾದರೂ ಫೋನ್ ಹಿಡಿದು ನಿಂತರೆ ತನ್ನ ವಿಡಿಯೋ ಮಾಡುತ್ತಿದ್ದಾರೆ ಎನ್ನುತ್ತಿದ್ದ. ಒಂದು ದಿನ ನಾನು ಶಾಲೆಯಲ್ಲಿ ಬೇಳೆ ಕುದಿಸುತ್ತಿದ್ದಾಗ ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತ.

"ಯಕ್ಕಾ, ಆ ಬ್ಯಾಳ್ಯಾಗ ಏನೋ ಹಾಕ್ಯಾರ. ಹುಡುಗ್ರಿಗಿ ಬಡಸಬ್ಯಾಡ. ಚೆಲ್ಲು."

"ಲೇ, ಮನಿಗಿ ನಡಿ."

"ನಿನಗ ಗೊತ್ತಾಗವಲ್ದು ಯಕ್ಕಾ, ಚೆಲ್ಲು!"

ಮಕ್ಕಳು ತಟ್ಟೆ ಹಿಡಿದು ನಿಂತಿದ್ದರು. ಹೆಡ್‌ಮಾಸ್ತರರೂ ಬಂದರು. ಮರುದಿನ ನನ್ನನ್ನು ಕರೆದು, "ನೋಡವ್ವಾ, ಇನ್ನೊಮ್ಮಿ ಹಿಂಗಾದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರು. ಆ ಕೆಲಸಕ್ಕೆ ಕಾಯುತ್ತಿದ್ದ ಹೆಂಗಸರು ಓಣಿಗೆ ಇಬ್ಬರಿದ್ದರು.

ಬಿಡಬೇಕೆಂದು ಅವನಿಗೆ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಒಮ್ಮೆ ನನ್ನ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದ. ಹನ್ನೊಂದು ದಿನ ಇದ್ದ. ಒಮ್ಮೆ ಚಟ ಬಿಡಿಸುವ ಕೇಂದ್ರಕ್ಕೆ ತಾನೇ ಹೋಗಿ ಸೇರಿದ. ಬಂದ ವಾರಕ್ಕೇ ಮತ್ತೆ ಶುರು. ಮೂರನೆಯ ಸಲ ಬೀಗ ನನ್ನ ಕೈಗೆ ಕೊಟ್ಟು, "ನೀ ಸಾಲಿಗಿ ಹೋಗುವಾಗ ಹೊರಗಿಂದ ಹಾಕ್ಕೊಂಡು ಹೋಗು ಯಕ್ಕಾ. ನಾ ಎಷ್ಟ ಬೇಡಿಕೊಂಡ್ರೂ ತೆಗೀಬ್ಯಾಡ" ಎಂದ. ನಾಲ್ಕು ದಿನ ಹಾಗೇ ಮಾಡಿದೆ. ಐದನೆಯ ದಿನ ಮಧ್ಯಾಹ್ನ ಬಂದು ನೋಡಿದರೆ ಬೀಗ ಹಾಕಿದ್ದ ಹಾಗೇ ಇದೆ, ಬಾಗಿಲಿನ ತಿರುಗಣಿಗಳು ಮಾತ್ರ ಒಳಗೆ ಪೇಪರಿನ ಮೇಲೆ ಸಾಲಾಗಿ ಇವೆ. ನಾಯಿ ನುಗ್ಗಬಾರದೆಂದು ಬಾಗಿಲನ್ನು ಜೋಪಾನವಾಗಿ ಚೌಕಟ್ಟಿಗೆ ಒರಗಿಸಿ ಹೋಗಿದ್ದ. ನಾನು ಬಾಗಿಲು ಹಿಡಿದುಕೊಂಡು ಮೊದಲು ನಕ್ಕೆ. ಆಮೇಲೆ ಅಲ್ಲೇ ಕುಸಿದೆ.

ಪುಡಿ ಸಿಗದಿದ್ದಾಗ ಮೂರು ಮೂರು ದಿನ ಸತ್ತವನ ಹಾಗೆ ಮಲಗುತ್ತಿದ್ದ. ಎದ್ದಾಗ ಅವನ ಕಣ್ಣು ನೋಡಲಾಗುತ್ತಿರಲಿಲ್ಲ. "ತಲ್ಯಾಗ ಒಂದು ಬೆಲ್ಟು ತಿರಗಾಕತ್ತದ ಯಕ್ಕಾ. ಎಂಜಿನ್ ಬಂದ್ ಮಾಡಿದ್ರೂ ಆ ಬೆಲ್ಟು ನಿಲ್ಲವಲ್ದು. ಯಾರರ ನಿಂದ್ರಸ್ರಿ" ಎಂದು ಗೋಡೆಗೆ ಹಣೆ ಒತ್ತಿಕೊಳ್ಳುತ್ತಿದ್ದ.

ಮಾನ್ವಿಯ ಡಾಕ್ಟರು ರಾಯಚೂರಿಗೆ ಬರೆದುಕೊಟ್ಟರು. ಅಲ್ಲಿಯ ಮಾನಸಿಕ ರೋಗದ ಡಾಕ್ಟರು ವಯಸ್ಸಾದವರು, ಒಂದೊಂದೇ ಮಾತು ಆಡುವವರು. ಇವನು ಹೇಳಿದ್ದನ್ನೆಲ್ಲ ಕೇಳಿ ಅವರೆಂದರು: "ಕುಡಿಯೂದು ಬಿಡಸಾಕ ನಮ್ಮ ಹತ್ರ ಗುಳಿಗಿ ಅದಾವ. ಈ ಪುಡಿಗಿ ಅಂಥಾ ಗುಳಿಗಿ ಇನ್ನೂ ಬಂದಿಲ್ಲ. ಒಂದು ಮಷಿನ್ ಅದ. ತಲಿಗಿ ಆನಿಸಿ ಇಟ್ಟರ ಅದರಾಗಿನ ಅಯಸ್ಕಾಂತದ ಶಕ್ತಿ ಮಿದುಳಿಗಿ ಸಣ್ಣಗ ತಟ್ಟತದ. ಮನಸ್ಸು ಕುಗ್ಗಿದವರಿಗಿ ಅದನ್ನ ಕೊಡ್ತೀವಿ. ಈ ಚಟಕ್ಕ ಅದು ಕೆಲಸ ಮಾಡ್ತದೋ ಇಲ್ಲೋ ಅಂತ ಇನ್ನೂ ಪರೀಕ್ಷಾ ನಡದಾವ. ಕೆಲವರಿಗಿ ಬೇಕು ಬೇಕು ಅನ್ನೂ ಹಂಬಲ ಕಡಿಮಿ ಆಗ್ಯದ. ಆಗೇ ಆಗ್ತದ ಅಂತ ನಾ ಹೇಳಂಗಿಲ್ಲ."

"ಕರೆಂಟ್ ಕೊಡ್ತೀರೇನ್ರಿ?" ಎಂದು ನಾನು ಕೇಳಿದೆ. ನಮ್ಮ ಕಡೆ ಹುಚ್ಚಾಸ್ಪತ್ರೆ ಎಂದರೆ ಜನಕ್ಕೆ ಹೊಳೆಯುವುದು ಅದೊಂದೇ.

"ಅದು ಬ್ಯಾರೆ, ಇದು ಬ್ಯಾರೆ ಅಮ್ಮಾ. ಇದಕ್ಕ ಎಚ್ಚರ ತಪ್ಪಸೂದೂ ಇಲ್ಲ, ಏನಿಲ್ಲ. ಕುರ್ಚಿ ಮ್ಯಾಲ ಮಾತಾಡಕೋತ ಕುಂತಿರ್ತಾರ" ಎಂದು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು.

ತಮ್ಮ ಆ ಕೋಣೆಯೊಳಗೆ ಕಾಲಿಟ್ಟಾಗ ಅವನ ಮುಖ ನೋಡಬೇಕಿತ್ತು. ಎರಡು ವರ್ಷದಿಂದ ನಾನು ನೋಡದಿದ್ದ ಮುಖ ಅದು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಆ ಯಂತ್ರದ ಸುತ್ತ ಒಂದು ಸುತ್ತು ಬಂದ. ಅಲ್ಲಿದ್ದ ನರ್ಸಮ್ಮನನ್ನು, "ಸಿಸ್ಟರ್, ಒಮ್ಮಿ ಚಾಲೂ ಮಾಡಿ ಕೇಳಸ್ರಿ" ಎಂದ. ಆಕೆ ನಗುತ್ತ ಮಾಡಿದಳು. ಮರಕುಟುಕ ಕೊಂಬೆಗೆ ಕುಟ್ಟಿದ ಹಾಗೆ ಟಕ ಟಕ ಟಕ ಎಂಬ ಸದ್ದು. ಇವನು ಕಣ್ಣು ಮುಚ್ಚಿ ಕೇಳಿದ.

"ನಡುವ ತಡೆಯೂದಿಲ್ಲ, ಜಿಗಿಯೂದಿಲ್ಲ, ಒಂದ ಸಮ ಹೊಡಿತದ. ಚಲೋ ಮಷಿನ್ ಅದರೀ ಇದು. ನನಗ ಆಗ್ತದ."

"ಮಷಿನಿಗಿ ನೀ ಸರ್ಟಿಫಿಕೇಟ್ ಕೊಡಾಕ ಬಂದೀಯೇನಪಾ?" ಎಂದಳು ನರ್ಸಮ್ಮ.

"ಹೂಂ ಮತ್ತ. ನಿಮ್ಮ ಡಾಕ್ಟರು ಆಗ್ತದ ಅಂತ ಹೇಳವಲ್ರು. ಯಾರರ ಒಬ್ಬರು ಹೇಳಬೇಕಲ್ಲ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಡಾಕ್ಟರು ಆಗಲೇ ಹೇಳಿದ್ದರು: ವಾರಕ್ಕೆ ಐದು ದಿನದಂತೆ ಆರು ವಾರ ಬರಬೇಕು, ದಿನವೂ ಮನೆಯವರೊಬ್ಬರು ಜೊತೆಗಿರಬೇಕು. ಆ ಒಬ್ಬರು ಎಂದರೆ ನಾನೇ.

ಮತ್ತೆ ಅವರ ಕೋಣೆಯಲ್ಲಿ ಕುಳಿತೆವು. ಒಂದು ಕಾಗದ ಮುಂದಿಟ್ಟುಕೊಂಡು ಅವರು ಕೇಳುತ್ತ ಹೋದರು. ಇವನು ಉತ್ತರ ಹೇಳುತ್ತ ಹೋದ.

"ತಲಿಗಿ ದೊಡ್ಡ ಪೆಟ್ಟು ಬಿದ್ದದೇನು?"

"ಇಲ್ರಿ."

"ತಲ್ಯಾಗ, ಕಣ್ಣಾಗ ಲೋಹದ ಚೂರು ಏನರ?"

"ಇಲ್ರಿ."

"ಮೂರ್ಛಿ? ಫಿಟ್ಸು? ಸಣ್ಣಾವಿದ್ದಾಗಿಂದ ಹಿಡಿದು ಒಮ್ಮಿಯರ?"

"ಇಲ್ರಿ."

"ಬರ್ತಿತ್ರಿ" ಎಂದೆ ನಾನು.

ಡಾಕ್ಟರ ಪೆನ್ನು ನಿಂತಿತು. "ಯಾವಾಗ?"

"ಒಂಬತ್ತು ವರ್ಷದಾಂವ ಇದ್ದಾಗ. ಬಿದ್ದು ಒದ್ದಾಡಿದ್ದ. ಬಾಯಾಗ ನೊರಿ ಬಂದಿತ್ತು."

ತಮ್ಮ ತಿರುಗಿ ನನ್ನನ್ನು ನೋಡಿದ.

ಅವನು ಒಂಬತ್ತು ವರ್ಷದವನಿದ್ದಾಗ ಬಿದ್ದದ್ದು ನಿಜ. ನಮ್ಮೂರು ದೇವದುರ್ಗ ತಾಲೂಕಿನಲ್ಲಿ, ಗೂಗಲ್ ಹತ್ತಿರ. ನಮ್ಮ ಕಡೆ ಮೊಹರಮ್ಮನ್ನು ಅಲಾಯಿ ಹಬ್ಬವೆಂದು ಎಲ್ಲ ಜಾತಿಯವರೂ ಮಾಡುತ್ತಾರೆ. ಬೆಂಕಿಯ ಕುಣಿಯ ಸುತ್ತ ಹಲಗೆ ಬಾರಿಸಿ ಕುಣಿಯುವಾಗ ಕೆಲವರ ಮೈಮೇಲೆ ದೇವರು ಬರುತ್ತದೆ, ಅದು ಹೇಳಿದ ಮಾತನ್ನು ಯಾರೂ ಮೀರುವುದಿಲ್ಲ. ಆ ವರ್ಷ ಅಪ್ಪ ನನ್ನನ್ನು ನಾಲ್ಕನೆಯ ತರಗತಿಗೇ ಶಾಲೆ ಬಿಡಿಸಿದ್ದ. ನಾನು ಹನ್ನೊಂದರವಳು, ಮೂರು ದಿನ ಊಟ ಬಿಟ್ಟು ಅತ್ತಿದ್ದೆ. ಹಬ್ಬದ ದಿನ ಕುಣಿಯ ಮುಂದೆ ತಮ್ಮ ಇದ್ದಕ್ಕಿದ್ದಂತೆ ಬಿದ್ದ. ಕೈಕಾಲು ಬಡಿದ, ಬಾಯಲ್ಲಿ ನೊರೆ. ಅಲಾಯಿ ದೇವರನ್ನು ನೋಡಿಕೊಳ್ಳುವ ಮುಜಾವರ ತಾತ ಓಡಿ ಬಂದು ಹಣೆಗೆ ಬೂದಿ ಹಚ್ಚಿ, "ಏನು ತಪ್ಪಾಗ್ಯದ ಹೇಳಪಾ ದೇವ್ರಾ" ಎಂದ. ಇವನು ದಪ್ಪ ದನಿ ತೆಗೆದು, "ಈ ಮನಿ ಹೆಣ್ಣು ಕೂಸಿನ ಕೈಯಾಗಿಂದು ಪಾಟಿ ಕಸಗೊಂಡೀರಿ" ಎಂದ. ಅಪ್ಪ ಅಲ್ಲೇ ಉದ್ದಕ್ಕೂ ಬಿದ್ದು ನಮಸ್ಕಾರ ಹಾಕಿದ. ನಾನು ಇನ್ನೂ ಮೂರು ವರ್ಷ ಶಾಲೆಗೆ ಹೋದೆ. ಎಷ್ಟೋ ದಿನದ ಮೇಲೆ ಜಾಲಿಮರದ ಕೆಳಗೆ ಅವನೇ ನನ್ನ ಕಿವಿಯಲ್ಲಿ ಹೇಳಿದ: "ದೇವರೂ ಇಲ್ಲ ಏನೂ ಇಲ್ಲ ಯಕ್ಕಾ. ಉಗುಳು ಕೂಡಿಟ್ಟು ನೊರಿ ಮಾಡಿದ್ದೆ. ಮೊಣಕಾಲು ಕಿತ್ತಿದ್ದಷ್ಟ ಖರೇ."

ಆ ಬೀಳುವಿಕೆಯನ್ನೇ ನಾನು ಡಾಕ್ಟರ ಮುಂದೆ ಮೂರ್ಛೆ ಎಂದು ಇಟ್ಟೆ. ನನಗೆ ಬೇರೆ ಸುಳ್ಳು ಹುಡುಕುವ ಶ್ರಮವೂ ಆಗಲಿಲ್ಲ.

ಯಾಕೆ ಹೇಳಿದೆ? ಆರು ವಾರ ದಿನವೂ ರಾಯಚೂರಿಗೆ ಬಂದರೆ ನನ್ನ ಕೆಲಸ ಹೋಗುತ್ತದೆ ಎಂದು. ಅದು ಒಂದು. ಮಷಿನ್ ಬೇಡವೆಂದಾದರೆ ಡಾಕ್ಟರು ಇವನನ್ನು ಒಳಗೇ ಇಟ್ಟುಕೊಂಡಾರು, ನನ್ನ ಮನೆ ನನಗೆ ಸಿಕ್ಕೀತು ಎಂದು. ಅದು ಇನ್ನೊಂದು. ಆದರೆ ಇವೆರಡೂ ಆಮೇಲೆ ನಾನು ಲೆಕ್ಕಿಸಿ ತೆಗೆದ ಕಾರಣಗಳು. ಬಾಯಿ ತೆರೆದ ಆ ಗಳಿಗೆಯಲ್ಲಿ ನನ್ನೊಳಗೆ ಇದ್ದದ್ದು ಸಿಟ್ಟು. ಅವನ ಮುಖದಲ್ಲಿ ಆಸೆ ಬಂದಿತ್ತು. ಮೂರು ಸಲ ಆ ಆಸೆಯನ್ನು ನಂಬಿ ಮೂರು ಸಲ ಮುರಿದು ಬಿದ್ದಿದ್ದೆ. ನಾಲ್ಕನೆಯ ಸಲ ನಂಬುವ ಶಕ್ತಿ ನನ್ನಲ್ಲಿ ಇರಲಿಲ್ಲ. ಅದು ಶುರುವಾಗುವ ಮೊದಲೇ ಮುಗಿದುಹೋಗಲಿ ಎನಿಸಿತು.

ಡಾಕ್ಟರು ಕಾಗದ ಪಕ್ಕಕ್ಕಿಟ್ಟರು. "ಹಂಗಾದ್ರ ಈಗ ಬ್ಯಾಡ. ಈ ಮಷಿನ್ನಿಂದ ಅಪರೂಪಕ್ಕ ಒಬ್ಬೊಬ್ಬರಿಗಿ ಫಿಟ್ಸ್ ಬರ್ತದ. ಆ ಪುಡಿಯಿಂದಾನೂ ಬರ್ತದ. ಮೊದಲ ಮೂರ್ಛಿ ಇದ್ದಾಂವಗ ನಾ ಧೈರ್ಯ ಮಾಡಂಗಿಲ್ಲ. ನರರೋಗದ ಡಾಕ್ಟರ ಹತ್ರ ತಲಿ ಪರೀಕ್ಷಾ ಮಾಡಿಸಿಕೊಂಡು ಬರ್ರಿ. ಅವರು ಪರವಾಗಿಲ್ಲ ಅಂತ ಬರದುಕೊಟ್ರ ಮತ್ತ ನೋಡೂಣು."

"ಸಾಹೇಬ್ರ, ಒಳಗ ಇಟ್ಟುಗೋರಿ ಇವನ್ನ" ಎಂದೆ.

"ತಾನ ನಡಕೊಂಡು ಬಂದು ಬಿಡಸ್ರಿ ಅನ್ನಾಕತ್ತಾನ. ಇಂಥಾವನ್ನ ಕೂಡಿಹಾಕಿ ಏನು ಮಾಡಲಮ್ಮಾ? ವಾರಕ್ಕೊಮ್ಮಿ ಮಾತಾಡಾಕ ಕಳಸ್ರಿ" ಎಂದು ಚೀಟಿ ಬರೆದುಕೊಟ್ಟರು.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಕುಳಿತಿದ್ದ. ಅವನು ಬೈಯಲಿ, ಎಲ್ಲರ ಮುಂದೆ ಕಿರುಚಲಿ ಎಂದು ನಾನು ಕಾಯುತ್ತಿದ್ದೆ. ಕಡೆಗೆ ಅವನು ಹೇಳಿದ್ದು ಇಷ್ಟೇ: "ಆರು ವಾರ ದಿನಾ ಎದ್ದು ಬರೂದು ನಿನಗ ಆಗ್ತಿದ್ದಿಲ್ಲ ಬಿಡು ಯಕ್ಕಾ. ಮೊದಲ ನಿನ್ನ ಸೊಂಟ ಹಿಡಿತದ."

ನನ್ನ ಸುಳ್ಳಿಗೆ ಒಂದು ಒಳ್ಳೆಯ ಕಾರಣವನ್ನು ಅವನೇ ಹುಡುಕಿಕೊಟ್ಟ. ನಾನು ಅದನ್ನು ತೆಗೆದುಕೊಂಡು ಸುಮ್ಮನಾದೆ.

ಆ ಚೀಟಿಯನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಎರಡು ಸಲ ಅವನು ಕೇಳಿದ. ಮೊದಲನೆಯ ಸಲ, "ಆ ನರದ ಡಾಕ್ಟರ ಹತ್ರ ಹೋಗಿ ಬರೂಣೇನು?" ಎಂದ. ಶಾಲೆಗೆ ರಜೆ ಬರಲಿ ಎಂದೆ. ರಜೆ ಬಂತು, ಹೋಯಿತು. ಎರಡನೆಯ ಸಲ ಕೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತ, "ನಾ ಒಬ್ಬನ ಹೋಗಿ, ಮೂರ್ಛಿ ಇಲ್ಲ ಅಂದ್ರ ನಂಬತಾರೇನು? ಪುಡಿ ತಿನ್ನಾಂವನ ಮಾತು ಯಾರು ನಂಬತಾರ" ಎಂದ. ನಾನು ಒಲೆಯ ಮುಂದಿದ್ದೆ. ಕೇಳಿಸದವಳ ಹಾಗೆ ಇದ್ದೆ. ಮಾತಿಗೆಂದು ಎರಡು ವಾರ ಒಬ್ಬನೇ ರಾಯಚೂರಿಗೆ ಹೋದ. ಮೂರನೆಯ ವಾರದಿಂದ ಹೋಗಲಿಲ್ಲ. ಹೀಗೇ ಎಂಟು ತಿಂಗಳು ಕಳೆದವು. ಸುಗ್ಗಿ ಬಂತು. ಧಣಿ ಕರೆ ಕಳಿಸಿದ. ಇವನು ಮಷಿನ್ ಹತ್ತಿದ.

ದೇವದುರ್ಗದ ಕಡೆಯ ಒಂದು ಗದ್ದೆಯಲ್ಲಿ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಮಷಿನ್ ನಡುವಿನಲ್ಲಿ ನಿಂತಿತು. ಕೀಲಿ ಅವನೇ ತಿರುಗಿಸಿ ಬಂದ್ ಮಾಡಿದ್ದ. ಸ್ಟೇರಿಂಗಿನ ಮೇಲೆ ಹಣೆ ಇಟ್ಟಿದ್ದ. ಮೂಲೆ ಕೊಯ್ಯುತ್ತಿದ್ದ ಒಬ್ಬ ಮುದುಕಿ ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಯವ್ವಾ, ನಿದ್ದಿ ಹತ್ಯದ ಅಂದುಕೊಂಡ್ವಿ. ನಮಗಂತ ಯಾವಾಗ್ಲೂ ನಿಂದರ್ತಿದ್ದ ಕೂಸು, ಇವತ್ತ ನಾವು ಅವನಿಗಂತ ನಿಂದ್ರೂಣು ಅಂತ ಮಾತಾಡದ ಬದುವಿನ ಮ್ಯಾಲ ಕುಂತ್ವಿ. ಒಂದು ತಾಸು ಕುಂತ್ವಿ ಯವ್ವಾ." ಎದೆ ನಿಂತಿತ್ತು ಎಂದರು ಆಸ್ಪತ್ರೆಯಲ್ಲಿ. ಮೊದಲೇ ನೋಡಿದ್ದರೆ ಉಳಿಯುತ್ತಿದ್ದನೋ ಏನೋ, ಅದನ್ನು ನಾನು ಯಾರನ್ನೂ ಕೇಳಲಿಲ್ಲ. ಆ ಹೆಂಗಸರ ತಲೆಗೆ ಅದು ಬೇಡ.

ತಿಂಗಳಾದ ಮೇಲೆ ರಾಯಚೂರಿನ ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಎಲ್ಲ ಹೇಳಿದೆ. "ಆ ಮಷಿನ್ ಕೊಟ್ಟಿದ್ರ ಉಳೀತಿದ್ನೇನ್ರಿ?" ಎಂದು ಕೇಳಿದೆ.

"ಉಳೀತಿದ್ದ ಅಂತ ಹೇಳಾಕ ಬರಂಗಿಲ್ಲ. ಉಳೀತಿದ್ದಿಲ್ಲ ಅಂತಾನೂ ಹೇಳಾಕ ಬರಂಗಿಲ್ಲ. ನಮಗ ಇನ್ನೂ ಗೊತ್ತಿಲ್ಲಮ್ಮಾ. ಖರೇ ಅಂದ್ರ ಅದು."

ಎರಡರಲ್ಲಿ ಒಂದನ್ನು ಅವರು ಕೊಟ್ಟಿದ್ದರೆ ಅದನ್ನು ಹಿಡಿದುಕೊಂಡು ಬದುಕಬಹುದಿತ್ತು. ಎರಡೂ ಇಲ್ಲದೆ ಹೊರಗೆ ಬಂದೆ. ತಪ್ಪಾಯಿತು ಎಂಬ ಮಾತು ಅಲ್ಲಿಯೂ ನನ್ನ ಬಾಯಿಂದ ಬರಲಿಲ್ಲ. ನಡೆದದ್ದನ್ನು ಹೇಳಿದ್ದೆ ಅಷ್ಟೇ.

ಮೊನ್ನೆ ಗಿಲ್ಲೆಸುಗೂರಿಗೆ ಹೋದೆ. ಅವನ ಅಂಗಿ, ಸ್ಪ್ಯಾನರ್ ಪೆಟ್ಟಿಗೆ, ಕೈಗಡಿಯಾರ ಇದ್ದವು, ಹೆಂಡತಿಗೆ ಕೊಟ್ಟು ಬರೋಣವೆಂದು. ಅವಳು ನೀರು ಕೊಟ್ಟಳು, ಚಹಾಕ್ಕೆ ಇಟ್ಟಳು. ಏಳು ವರ್ಷದ ಮಗಳು ಬಾಗಿಲ ಹತ್ತಿರವೇ ಕುಳಿತಿತ್ತು. ಹೊರಗೆ ಓಣಿಯ ಮಕ್ಕಳು ಓಡಿ ಆಡುತ್ತಿದ್ದವು. ಅದು ನೋಡುತ್ತಿತ್ತು.

"ನೀನೂ ಹೋಗವ್ವಾ ಆಡಾಕ" ಎಂದೆ.

"ಇಲ್ರಿ ಅಕ್ಕಾ, ನಾ ಕಳಸಂಗಿಲ್ಲ" ಎಂದಳು ಅವಳು. "ಓಡುವಾಗ ಬಂದ್ರ? ಬಾವಿ ಕಡಿಗೂ ಬಿಡಂಗಿಲ್ಲ, ಒಲಿ ಹತ್ರಾನೂ ಬಿಡಂಗಿಲ್ಲ. ಹತ್ತಿ ಬಿಡಸಾಕ ಹೋಗೂದು ಬಿಟ್ಟೀನಿ. ಇಡೀ ದಿನ ಸಾಲಿ ಕಟ್ಟಿ ಮ್ಯಾಲ ಕುಂತಿರ್ತೀನಿ."

"ಏನು ಬಂದ್ರ?"

"ಮೂರ್ಛಿ. ಅವರಿಗಿ ಒಂಬತ್ತಕ್ಕ ಬಂದಿತ್ತಲ್ಲ. ಇಕಿಗಿ ಈಗ ಏಳು."

ಮಗುವಿನ ಲಂಗ ಸ್ವಲ್ಪ ಸರಿದಿತ್ತು. ಉಡಿದಾರ ಕಂಡಿತು. ಅದಕ್ಕೆ ತುಕ್ಕು ಹಿಡಿದ ಒಂದು ದೊಡ್ಡ ಕಬ್ಬಿಣದ ಕೀಲಿಕೈ ಕಟ್ಟಿದ್ದಳು. ಮೂರ್ಛೆ ಬಂದರೆ ಅಂಗೈಯಲ್ಲಿ ಕಬ್ಬಿಣ ಇಡುವುದು ನಮ್ಮ ಕಡೆಯ ರೂಢಿ. ಕೀಲಿ ತಾಗಿ ತಾಗಿ ಮಗುವಿನ ಸೊಂಟದ ಮೇಲೆ ಕಪ್ಪು ಕಲೆ ಬಿದ್ದಿತ್ತು.

"ಯಾರು ಹೇಳಿದ್ರು ನಿನಗ?" ಎಂದೆ.

"ಅವರ ಹೇಳಿದ್ರು, ಫೋನಿನಾಗ. ಮಷಿನ್ ಯಾಕ ಕೊಡಲಿಲ್ಲ ಅಂತ ಕೇಳಿದ್ದೆ. 'ನನಗ ಮೂರ್ಛಿ ಇತ್ತು, ನಾ ಮರತಿದ್ದೆ. ನಮ್ಮಕ್ಕ ನೆನಪು ಮಾಡಿ ಹೇಳಿದ್ಲು. ಹೇಳದಿದ್ರ ಆ ಕುರ್ಚಿ ಮ್ಯಾಲ ಸಾಯ್ತಿದ್ದೆ. ಅಕ್ಕ ಉಳಸಿದ್ಲು ನನ್ನ. ಅಕಿ ಮ್ಯಾಲ ಸಿಟ್ಟಾಗಬ್ಯಾಡ' ಅಂದ್ರು."

ಚಹಾ ಉಕ್ಕಿ ಒಲೆಯ ಮೇಲೆ ಸುರಿಯಿತು. ಅವಳು ಎದ್ದು ಆ ಕಡೆ ಹೋದಳು. ನಾನು ಮಗುವನ್ನು ಹತ್ತಿರ ಎಳೆದುಕೊಂಡು ಉಡಿದಾರದ ಗಂಟಿಗೆ ಕೈ ಹಾಕಿದೆ. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದೆ.

"ಏ ಅಕ್ಕಾ! ಏನು ಮಾಡಾಕತ್ತೀರಿ, ಅದನ್ನ ತೆಗೀಬ್ಯಾಡ್ರಿ!" ಎಂದು ಅವಳು ಓಡಿ ಬಂದಳು. ನನ್ನ ಕೈಯಿಂದ ಕೀಲಿ ಕಿತ್ತುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡೆ. ಅವಳು ಹೆದರಿ ನನ್ನ ಮುಖ ನೋಡುತ್ತಿದ್ದಳು.

"ನಿನ್ನ ಗಂಡಗ ಮೂರ್ಛಿ ಇದ್ದಿದ್ದಿಲ್ಲ ಬೇ. ಯಾವತ್ತೂ ಇದ್ದಿದ್ದಿಲ್ಲ. ಈ ಕೂಸಿಗೂ ಇಲ್ಲ, ಬಿಡು ಆಡಲಿ. ಡಾಕ್ಟರ ಮುಂದ ಸುಳ್ಳ ಹೇಳದಾಕಿ ನಾನು. ಅಂವ ಬಾಜೂಕ ಕುಂತು ಕೇಳಿದ. ಕೇಳಿ, ನನ್ನ ಸುಳ್ಳ ತನ್ನ ಮೈಗಿ ಹಚಗೊಂಡು ಹೋದ. ನಾ ಅವನ್ನ ಉಳಸಲಿಲ್ಲ. ಉಳೀಲಿ ಅಂತ ಒಂದು ಬಾಗಿಲು ತೆರದಿದ್ರು, ನಾ ಹಾಕಿದೆ. ಎಂಟು ತಿಂಗಳು ಅಂವ ಒಂದ ಮನ್ಯಾಗ ನನ್ನ ಮುಂದ ತಿರಗಾಡಿದ, ಒಂದು ಮಾತು ಹೇಳಲಿಲ್ಲ ನಾ. ಅಂವಗ ಹೇಳಬೇಕಿತ್ತು. ನಿನಗ ಹೇಳಾಕತ್ತೀನಿ. ತಪ್ಪು ಮಾಡಿದೆ ತಂಗಿ. ತಪ್ಪಾತು."